ಪಿಎಚ್‌ನಿಂದ ಹೈಡ್ರೋಜನ್ ಅಯಾನಿಗೆ, ಅಲ್ಲಿಂದ ವಾಪಸ್: ಲಾಗ್ ಟೇಬಲ್ ಹಿಡಿದು ಕಲಿಯೋಣ

ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುತ್ತಿರುವಾಗ ಸುಣ್ಣದ ತಿಳಿ ಹಾಕುವುದನ್ನು ಮಂಡ್ಯ ಕಡೆಯವರು ನೋಡಿಯೇ ಇರುತ್ತೀರಿ. ಮೊದಲು ಸುಣ್ಣದ ತಿಳಿ, ಆಮೇಲೆ ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ. ಸ್ವಲ್ಪ ಹೊತ್ತಿಗೆ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲಕ್ಕೆ ಬರುತ್ತದೆ, ಅದನ್ನು ತೆಗೆದು ಹಾಕುತ್ತಾರೆ. ನಾನು ಪಿಯುಸಿಯಲ್ಲಿದ್ದಾಗ ಒಂದು ದಿನ ಪಿಎಚ್ ಕಾಗದದ ಒಂದೆರಡು ತುಂಡು ಜೇಬಲ್ಲಿಟ್ಟುಕೊಂಡು ಆಲೆಮನೆಗೆ ಹೋಗಿದ್ದೆ. ಸುಣ್ಣ ಹಾಕುವ ಮೊದಲು ಹಾಲಿಗೆ ಅದ್ದಿದರೆ ಐದರ ಆಸುಪಾಸಿನ ಬಣ್ಣ ಬಂತು, ಹಾಕಿದ ಮೇಲೆ ಆರರ ಆಸುಪಾಸು. ಅಷ್ಟು ಸುಣ್ಣ ಸುರಿದು ಬರೀ ಒಂದು ಅಂಕ ಏರಿಸಿದ್ದಾ ಅಂತ ಅನ್ನಿಸಿತ್ತು.

ಆ ಒಂದು ಅಂಕದ ಹಿಂದೆ ಏನಿದೆ ಅನ್ನೋದು ಗೊತ್ತಾಗಿದ್ದು ಲಾಗ್ ಟೇಬಲ್ ಸರಿಯಾಗಿ ಕಲಿತ ಮೇಲೆ. ಈಗ ಸಂಜೆ ಹೊತ್ತು ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಈ ಪಾಠದಲ್ಲಿ ಎಡವುವುದು ಕೆಮಿಸ್ಟ್ರಿಯಿಂದ ಅಲ್ಲ, ಮೈನಸ್ ಗುರುತಿನಿಂದ. ಅದಕ್ಕೇ ಇದನ್ನು ನಿಧಾನವಾಗಿ, ಒಂದು ಹೆಜ್ಜೆಯನ್ನೂ ಬಿಡದೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಿಎಚ್ ಅನ್ನೋದು ನಾವು ಅಂಟಿಸಿಕೊಂಡ ಚೀಟಿ. ದ್ರಾವಣದೊಳಗೆ ನಿಜವಾಗಿ ಕೆಲಸ ಮಾಡುವುದು ಹೈಡ್ರೋಜನ್ ಅಯಾನುಗಳು. ಚೀಟಿಯಲ್ಲಿರುವ ಅಂಕವನ್ನು ಅಯಾನಿನ ಲೆಕ್ಕಕ್ಕೆ ತಿರುಗಿಸಿ ನೋಡದೇ ಇದ್ದರೆ ಒಳಗೆ ಏನಾಗುತ್ತಿದೆ ಅಂತ ತಿಳಿಯುವುದಿಲ್ಲ.

ಪಿಎಚ್ ಅಂದರೆ ಏನು

ಶುದ್ಧ ನೀರನ್ನೇ ತೆಗೆದುಕೊಳ್ಳಿ. ನೀರಿನ ಅಣು ಅಪರೂಪಕ್ಕೆ ಒಡೆದು ಒಂದು ಹೈಡ್ರೋಜನ್ ಅಯಾನು, ಒಂದು ಹೈಡ್ರಾಕ್ಸೈಡ್ ಅಯಾನು ಆಗುತ್ತದೆ. ಎಷ್ಟು ಅಪರೂಪ ಅಂದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 55 ಕೋಟಿ ನೀರಿನ ಅಣುಗಳಿಗೆ ಒಂದು ಹೈಡ್ರೋಜನ್ ಅಯಾನು. ಮೋಲ್ (ಅಣು, ಅಯಾನುಗಳನ್ನು ಎಣಿಸುವ ಅಳತೆ) ಲೆಕ್ಕದಲ್ಲಿ ಲೀಟರಿಗೆ 0.0000001 ಮೋಲ್. ಈ ಸೊನ್ನೆಗಳನ್ನು ಪ್ರತಿ ಸಲ ಎಣಿಸುತ್ತಾ ಕೂರುವುದು ಯಾರಿಗೂ ಆಗದ ಕೆಲಸ. 1909ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಸೊರೆನ್‌ಸನ್ ಅನ್ನುವ ರಸಾಯನಶಾಸ್ತ್ರಜ್ಞ ಇದಕ್ಕೊಂದು ದಾರಿ ಹುಡುಕಿದರು. ಅವರು ಕಿಣ್ವಗಳ ಮೇಲೆ ಕೆಲಸ ಮಾಡುತ್ತಿದ್ದರು, ಕಿಣ್ವಕ್ಕೆ ಹುಳಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುವುದಿಲ್ಲ. 0.0000001 ಅಂದರೆ 10⁻⁷. ಆ ಹತ್ತನ್ನೂ ಮೈನಸ್ಸನ್ನೂ ಬಿಟ್ಟು ಬರೀ 7 ಅಂತ ಬರೆದರೆ ಸಾಕಲ್ವಾ? ಅದೇ ಪಿಎಚ್.

ಬರೆಯುವ ರೀತಿ ಹೀಗೆ:

ಪಿಎಚ್ = −ಲಾಗ್ [ಎಚ್⁺]

[ಎಚ್⁺] = 10^(−ಪಿಎಚ್)

ಚೌಕ ಆವರಣ ಹಾಕಿದರೆ ಲೀಟರಿಗೆ ಎಷ್ಟು ಮೋಲ್ ಅಂತ ಅರ್ಥ, ಅಂದರೆ ಸಾರತೆ. ಇಲ್ಲಿ ಲಾಗ್ ಅಂದರೆ ಹತ್ತರ ಆಧಾರದ ಲಾಗ್, ಅಂದರೆ ಆ ಸಂಖ್ಯೆ ಬರಲು ಹತ್ತಕ್ಕೆ ಹಾಕಬೇಕಾದ ಘಾತ. ಇಡೀ ಪಾಠದಲ್ಲಿ ಇರುವುದು ಈ ಎರಡೇ ಸಾಲು, ಒಂದು ಇನ್ನೊಂದರ ತಿರುಗುಮುರುಗು. ನೀರಿನಲ್ಲಿ ಹೈಡ್ರೋಜನ್ ಅಯಾನು ಒಂಟಿಯಾಗಿ ಇರುವುದಿಲ್ಲ, ನೀರಿನ ಅಣುವಿಗೆ ಅಂಟಿಕೊಂಡು ಹೈಡ್ರೋನಿಯಂ ಆಗಿರುತ್ತದೆ. ಲೆಕ್ಕಕ್ಕೆ ಅದರಿಂದ ಏನೂ ವ್ಯತ್ಯಾಸ ಇಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಪಿಎಚ್ ಮೀಟರ್ ತೋರಿಸುವುದು ಸಾರತೆಯನ್ನಲ್ಲ, ಸಕ್ರಿಯತೆಯನ್ನು, ಅಂದರೆ ಅಯಾನುಗಳ ಪರಿಣಾಮಕಾರಿ ಸಾರತೆಯನ್ನು. ತೆಳು ದ್ರಾವಣಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ಪಿಯುಸಿ ಮಟ್ಟದಲ್ಲಿ ಒಂದೇ ಅಂತ ಇಟ್ಟುಕೊಂಡೇ ಮುಂದೆ ಹೋಗುತ್ತೇವೆ.

ಹೆಜ್ಜೆ ಒಂದು: ಲೆಕ್ಕಕ್ಕೆ ಮೊದಲು ಕಣ್ಣಳತೆ

ಟೇಬಲ್ ಮುಟ್ಟಬೇಡಿ. ಕ್ಯಾಲ್ಕುಲೇಟರ್ ಕೂಡ ಬೇಡ. ಮೊದಲು ಉತ್ತರ ಯಾವ ಎರಡು ಅಂಕಗಳ ಮಧ್ಯೆ ಬರಬೇಕು ಅಂತ ನೋಡಿ.

[ಎಚ್⁺] = 2.5 × 10⁻⁶ ಅಂತ ಕೊಟ್ಟಿದ್ದಾರೆ ಅನ್ನಿ. ಇದು 1 × 10⁻⁶ಗಿಂತ ಜಾಸ್ತಿ, 10 × 10⁻⁶ಗಿಂತ ಕಮ್ಮಿ. 10 × 10⁻⁶ ಅಂದರೆ 10⁻⁵. ಹಾಗಾದರೆ ಪಿಎಚ್ 5 ಮತ್ತು 6ರ ಮಧ್ಯೆ. ಇಷ್ಟು ಗೊತ್ತಾದರೆ ಅರ್ಧ ಗೆದ್ದಂತೆ. ಟೇಬಲ್ ನೋಡಿದ ಮೇಲೆ 6.4 ಬಂದರೆ ತಪ್ಪು ಅಂತ ಆಗಲೇ ಗೊತ್ತಾಗುತ್ತದೆ.

ನೆನಪಿಟ್ಟುಕೊಳ್ಳಬೇಕಾದ್ದು ಒಂದೇ. ಘಾತ ಮೈನಸ್ 6 ಇದ್ದು ಮುಂದಿನ ಅಂಕ (ಹತ್ತರ ಘಾತಕ್ಕೆ ಮುಂಚೆ ಬರುವ 2.5 ಥರದ್ದು) 1ಕ್ಕಿಂತ ಜಾಸ್ತಿ ಇದ್ದರೆ ಪಿಎಚ್ ಆರಕ್ಕಿಂತ ಕಮ್ಮಿ. ಮುಂದಿನ ಅಂಕ ದೊಡ್ಡದಾದಷ್ಟೂ ಅಯಾನು ಜಾಸ್ತಿ, ಹುಳಿ ಜಾಸ್ತಿ, ಪಿಎಚ್ ಇಳಿಯುತ್ತದೆ. ಒಂದು ಏರಿದರೆ ಇನ್ನೊಂದು ಇಳಿಯುವ ಈ ಉಲ್ಟಾ ಸಂಬಂಧ ಮೈಗೂಡಲು ಸ್ವಲ್ಪ ದಿನ ಬೇಕು.

ಹೆಜ್ಜೆ ಎರಡು: ಸಾರತೆಯಿಂದ ಪಿಎಚ್‌ಗೆ

ಕೊಟ್ಟಿರುವ ಸಂಖ್ಯೆಯನ್ನು ಮೊದಲು ಸರಿಯಾದ ರೂಪಕ್ಕೆ ತನ್ನಿ. ಚುಕ್ಕಿಗೆ ಮುಂಚೆ ಒಂದೇ ಅಂಕ ಇರಬೇಕು, ಅದು ಸೊನ್ನೆ ಆಗಿರಬಾರದು. 0.00025 ಇದ್ದರೆ 2.5 × 10⁻⁴. 45 × 10⁻⁶ ಇದ್ದರೆ 4.5 × 10⁻⁵. ಇದನ್ನು ಮಾಡದೆ ನೇರ ಟೇಬಲ್‌ಗೆ ಹೋಗುವವರೇ ಜಾಸ್ತಿ ತಪ್ಪುವುದು.

ಆಮೇಲೆ ಎರಡು ಭಾಗ ಮಾಡಿ. ಗುಣಾಕಾರದ ಲಾಗ್ ಕೂಡುವುದಾಗುತ್ತದೆ:

ಲಾಗ್ (2.5 × 10⁻⁶) = ಲಾಗ್ 2.5 + ಲಾಗ್ 10⁻⁶ = 0.3979 − 6

ಮುಂದೆ ಮೈನಸ್ ಇದೆ, ಅದಕ್ಕೆ ಗುರುತು ತಿರುಗುತ್ತದೆ:

ಪಿಎಚ್ = 6 − 0.3979 = 5.60

ಅಷ್ಟೇ. ಬಾಯಲ್ಲಿ ಹೇಳುವುದಾದರೆ, ಘಾತದ ಅಂಕದಿಂದ ಮುಂದಿನ ಅಂಕದ ಲಾಗ್ ಕಳೆಯಿರಿ. ಕಣ್ಣಳತೆಯಲ್ಲಿ 5 ಮತ್ತು 6ರ ಮಧ್ಯೆ ಅಂದಿದ್ದೆವು, ಅಲ್ಲೇ ಬಂತು. ಈ 5.6 ಸುಮ್ನೆ ಹಿಡಿದ ಅಂಕ ಅಲ್ಲ. ಹೊಗೆ, ಧೂಳು ಇಲ್ಲದ ಕಡೆ ಬೀಳುವ ಮಳೆನೀರಿನ ಪಿಎಚ್ ಸುಮಾರು ಇಷ್ಟೇ ಇರುತ್ತದೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಕರಗಿರುತ್ತದೆ.

ಲಾಗ್ ಟೇಬಲ್ ನೋಡುವುದನ್ನು ಮರೆತಿದ್ದರೆ ಇನ್ನೊಂದು ಉದಾಹರಣೆ. 3.754ರ ಲಾಗ್ ಬೇಕು. ಎಡಗಡೆ ಉದ್ದಕ್ಕೆ ಇರುವ ಅಂಕಗಳಲ್ಲಿ 37 ಹುಡುಕಿ. ಅದೇ ಸಾಲಿನಲ್ಲಿ 5ರ ಕೆಳಗೆ 5740 ಇದೆ. ಬಲಗಡೆ ಸಣ್ಣ ಅಂಕಗಳ ಭಾಗದಲ್ಲಿ, ಅದೇ ಸಾಲಿನಲ್ಲಿ, 4ರ ಕೆಳಗೆ 5 ಇದೆ. ಕೂಡಿದರೆ 5745. ಮುಂದೆ ಚುಕ್ಕಿ ಇಟ್ಟು 0.5745. ಸ್ಕೇಲ್ ಅಡ್ಡ ಇಟ್ಟುಕೊಂಡು ಓದಿ, ಇಲ್ಲದಿದ್ದರೆ ಕಣ್ಣು ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಜಾರುತ್ತದೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ವಾರ ಸ್ಕೇಲ್ ಇಲ್ಲದೆ ಟೇಬಲ್ ತೆರೆಯಲು ಬಿಡುವುದಿಲ್ಲ.

ಸಿಇಟಿಗೆ ಟೇಬಲ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಅಲ್ಲಿಗೆ ನಾಲ್ಕು ಲಾಗ್ ಬಾಯಿಪಾಠ ಮಾಡಿಕೊಳ್ಳಿ: 2ಕ್ಕೆ 0.30, 3ಕ್ಕೆ 0.48, 5ಕ್ಕೆ 0.70, 7ಕ್ಕೆ 0.85. ಉಳಿದದ್ದು ಇವುಗಳಿಂದಲೇ ಹುಟ್ಟುತ್ತದೆ. 4 ಅಂದರೆ 2 ಸಲ 2, ಹಾಗಾಗಿ 0.60. 6ಕ್ಕೆ 0.30 ಮತ್ತು 0.48 ಕೂಡಿ 0.78. 8ಕ್ಕೆ 0.90. [ಎಚ್⁺] = 4 × 10⁻³ ಅಂದ ತಕ್ಷಣ 3 − 0.60 = 2.40 ಅಂತ ಬಾಯಲ್ಲೇ ಬರಬೇಕು.

ಹೆಜ್ಜೆ ಮೂರು: ಪಿಎಚ್‌ನಿಂದ ಸಾರತೆಗೆ (ಎಲ್ಲರೂ ಎಡವುವ ಜಾಗ)

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಪಿಎಚ್ 5.73 ಕೊಟ್ಟಿದ್ದಾರೆ. [ಎಚ್⁺] ಎಷ್ಟು? ಅದು 10⁻⁵·⁷³. ಇದನ್ನು ನೇರವಾಗಿ ಟೇಬಲ್‌ನಲ್ಲಿ ಹುಡುಕಲು ಆಗುವುದಿಲ್ಲ, ಯಾಕೆಂದರೆ ಆಂಟಿಲಾಗ್ (ಲಾಗ್ ಕೊಟ್ಟಾಗ ಮೂಲ ಸಂಖ್ಯೆ ಹೇಳುವ) ಟೇಬಲ್‌ನಲ್ಲಿ ಇರುವುದು ಸೊನ್ನೆಯಿಂದ ಒಂದರವರೆಗಿನ ಪಾಸಿಟಿವ್ ದಶಮಾಂಶಗಳು ಮಾತ್ರ. ನಮ್ಮ ಹತ್ತಿರ ಇರುವುದು −5.73. ಇದರಲ್ಲಿ 5 ಕೂಡ ಮೈನಸ್, .73 ಕೂಡ ಮೈನಸ್. ಹುಡುಗರು ಮಾಡುವ ತಪ್ಪು ಏನೆಂದರೆ, .73ಕ್ಕೆ ಆಂಟಿಲಾಗ್ ನೋಡಿ 5.370 ಅಂತ ತೆಗೆದು, ಪಕ್ಕದಲ್ಲಿ 10⁻⁵ ಬರೆದುಬಿಡುವುದು. ಅದು ತಪ್ಪು.

ಸರಿಯಾದ ದಾರಿ: ದಶಮಾಂಶ ಭಾಗವನ್ನು ಪಾಸಿಟಿವ್ ಮಾಡಬೇಕು. ಅದಕ್ಕೆ ಒಂದು ಪೂರ್ಣಾಂಕ ಕೆಳಗೆ ಇಳಿದು, ಅಲ್ಲಿಂದ ಮೇಲಕ್ಕೆ ಹತ್ತಬೇಕು.

−5.73 = −6 + 0.27

ಹೊಂದಿತಾ ನೋಡಿ. ಮೈನಸ್ ಆರಕ್ಕೆ 0.27 ಕೂಡಿದರೆ ಮೈನಸ್ 5.73. ಹೌದು. ಇದನ್ನೇ ಬಾರ್ 6 ಪಾಯಿಂಟ್ 27 ಅಂತ ಓದುವುದು, 6ರ ತಲೆಯ ಮೇಲೆ ಒಂದು ಗೆರೆ ಎಳೆಯುವುದು. ಆ ಗೆರೆಯ ಅರ್ಥ ಮೈನಸ್ ಆರಕ್ಕೆ ಮಾತ್ರ ಸೇರಿದ್ದು, .27ಕ್ಕೆ ಅಲ್ಲ ಅಂತ. ಸಾಲದ ಲೆಕ್ಕದ ಥರ ಯೋಚಿಸಿ. ಅಂಗಡಿಗೆ 5 ರೂಪಾಯಿ 73 ಪೈಸೆ ಬಾಕಿ ಇದೆ. 6 ರೂಪಾಯಿ ಕೊಟ್ಟರೆ 27 ಪೈಸೆ ಚಿಲ್ಲರೆ ವಾಪಸ್ ಬರುತ್ತದೆ. ಕೊಟ್ಟಿದ್ದು ಮೈನಸ್, ಬಂದಿದ್ದು ಪ್ಲಸ್.

ಈಗ ಆಂಟಿಲಾಗ್ ಟೇಬಲ್‌ನಲ್ಲಿ .27ರ ಸಾಲು, 0ಯ ಕೆಳಗೆ 1862. ಒಂದು ಅಂಕದ ನಂತರ ಚುಕ್ಕಿ: 1.862. ಬಾರ್ ಅಂಕವೇ ಹತ್ತರ ಘಾತ:

[ಎಚ್⁺] = 1.86 × 10⁻⁶ ಮೋಲ್/ಲೀಟರ್

ಇನ್ನೊಂದು ಮಾಡೋಣ. ಮೊಸರಿನ ಪಿಎಚ್ ಸುಮಾರು 4.6 ಇರುತ್ತದೆ. −4.6 = −5 + 0.4. ಆಂಟಿಲಾಗ್ .40 = 2.512. ಹಾಗಾಗಿ [ಎಚ್⁺] = 2.5 × 10⁻⁵. ರಕ್ತದ ಪಿಎಚ್ 7.4. −7.4 = −8 + 0.6, ಆಂಟಿಲಾಗ್ 3.981, ಅಂದರೆ ಸುಮಾರು 4 × 10⁻⁸. ಮೊಸರು ಮತ್ತು ರಕ್ತದ ಪಿಎಚ್ ನಡುವೆ ಬರೀ 2.8 ವ್ಯತ್ಯಾಸ, ಅಯಾನಿನ ಲೆಕ್ಕದಲ್ಲಿ ಆರುನೂರು ಪಟ್ಟಿಗೂ ಜಾಸ್ತಿ.

ಬಾರ್ ಅನ್ನೋದು ತಲೆಗೆ ಹತ್ತುತ್ತಿಲ್ಲ ಅಂದರೆ ಇಷ್ಟು ನೆನಪಿಡಿ. ಪಿಎಚ್‌ನ ಮುಂದಿನ ಪೂರ್ಣಾಂಕ ಘಾತ ಆಗುತ್ತದೆ. ಆ ಪೂರ್ಣಾಂಕದಿಂದ ಪಿಎಚ್ ಕಳೆದರೆ ಉಳಿಯುವುದಕ್ಕೆ ಆಂಟಿಲಾಗ್. 5.73ಕ್ಕೆ ಮುಂದಿನ ಪೂರ್ಣಾಂಕ 6, ಉಳಿದದ್ದು 0.27.

ಹೆಜ್ಜೆ ನಾಲ್ಕು: ಉತ್ತರ ಸರಿ ಇದೆಯಾ

ಪಿಎಚ್ 5.73ಕ್ಕೆ ಯಾರಾದರೂ 5.37 × 10⁻⁶ ಅಂತ ಬರೆದರೆ? ಕಣ್ಣಳತೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. 10⁻⁶ ಮತ್ತು 10⁻⁵ರ ಮಧ್ಯೆಯೇ ಇದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಇದರ ನಿಜವಾದ ಪಿಎಚ್ 5.27. ಈ ತಪ್ಪನ್ನು ಹಿಡಿಯಲು ಎರಡನೇ ಜರಡಿ ಬೇಕು.

ಲಾಗ್ 0.5 ಆಗುವುದು 3.16ಕ್ಕೆ. ಇದು ಅರ್ಧದಾರಿ. ಪಿಎಚ್‌ನ ದಶಮಾಂಶ .5ಕ್ಕಿಂತ ಜಾಸ್ತಿ ಇದ್ದರೆ ಸಾರತೆಯ ಮುಂದಿನ ಅಂಕ 3.16ಕ್ಕಿಂತ ಕಮ್ಮಿ ಇರಬೇಕು. ದಶಮಾಂಶ .5ಕ್ಕಿಂತ ಕಮ್ಮಿ ಇದ್ದರೆ ಮುಂದಿನ ಅಂಕ 3.16ಕ್ಕಿಂತ ಜಾಸ್ತಿ. ನಮ್ಮದು .73. ಮುಂದಿನ ಅಂಕ ಚಿಕ್ಕದಿರಬೇಕು. 1.86 ಸರಿ, 5.37 ತಪ್ಪು. ಎರಡೇ ಸೆಕೆಂಡಿನ ಕೆಲಸ. ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳ ಅಂಕ ಉಳಿಸಿರುವ ಉಪಾಯ ಇದು, ದಯವಿಟ್ಟು ಬಿಡಬೇಡಿ.

ಕ್ಯಾಲ್ಕುಲೇಟರ್ ಇದ್ದರೆ

ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದವರಿಗೆ ಬಾರ್ ಬೇಕಿಲ್ಲ. ಫೋನಿನದ್ದಾದರೆ ಎಷ್ಟೋ ಫೋನುಗಳಲ್ಲಿ ಅಡ್ಡ ತಿರುಗಿಸಿದರೆ ಲಾಗ್ ಬಟನ್ ಬರುತ್ತದೆ. ಎರಡು ಕಡೆ ಹುಷಾರಾಗಿರಿ.

ಒಂದು, ಲಾಗ್ ಪಕ್ಕದಲ್ಲೇ ನ್ಯಾಚುರಲ್ ಲಾಗ್ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಉತ್ತರ 2.303 ಪಟ್ಟು ಆಗಿಬಿಡುತ್ತದೆ. ಮಳೆನೀರಿಗೆ 5.60 ಬರುವ ಬದಲು 12.90 ಬರುತ್ತದೆ, ಮಳೆನೀರು ಸುಣ್ಣದ ತಿಳಿಯಷ್ಟು ಖಾರ ಅಂದ ಹಾಗೆ. ಎರಡು, ಘಾತ ಹಾಕುವ ಬಟನ್ ಒತ್ತುವ ಮೊದಲು ಇಂಟು 10 ಅಂತ ಬೇರೆ ಒತ್ತಬಾರದು. ಆ ಬಟನ್ ಒಳಗೇ ಇಂಟು 10 ಇದೆ. ಎರಡನ್ನೂ ಒತ್ತಿದರೆ ಹತ್ತು ಪಟ್ಟು ಜಾಸ್ತಿಯಾಗಿ ಪಿಎಚ್ 4.60 ಬರುತ್ತದೆ, ಸರಿಯಾಗಿ ಒಂದು ಕಮ್ಮಿ. ನಿಮ್ಮ ಉತ್ತರ ಪುಸ್ತಕದ ಉತ್ತರಕ್ಕಿಂತ ನಿಖರವಾಗಿ ಒಂದು ಕಮ್ಮಿ ಇದ್ದರೆ ಮೊದಲು ಇದನ್ನೇ ನೋಡಿ.

ಪ್ರತ್ಯಾಮ್ಲದ ಕಡೆಯಿಂದ ಬಂದರೆ

ಸುಣ್ಣ, ಕಾಸ್ಟಿಕ್ ಸೋಡಾ ಇಂಥವು ಕೊಟ್ಟಾಗ ನೇರ ಸಿಗುವುದು ಹೈಡ್ರಾಕ್ಸೈಡ್. 25 ಡಿಗ್ರಿಯಲ್ಲಿ ಎರಡರ ಗುಣಲಬ್ಧ ಯಾವಾಗಲೂ ಒಂದೇ:

[ಎಚ್⁺] × [ಓಎಚ್⁻] = 1.0 × 10⁻¹⁴

ಲಾಗ್ ತೆಗೆದರೆ, ಪಿಎಚ್ + ಪಿಓಎಚ್ = 14. ಪಿಓಎಚ್ ಅಂದರೆ −ಲಾಗ್ [ಓಎಚ್⁻].

0.005 ಮೋಲಾರ್ (ಲೀಟರಿಗೆ 0.005 ಮೋಲ್) ಸುಣ್ಣದ ತಿಳಿ ಇದೆ ಅನ್ನಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಒಂದು ಘಟಕ ಎರಡು ಹೈಡ್ರಾಕ್ಸೈಡ್ ಕೊಡುತ್ತದೆ. ಆ ಎರಡನ್ನು ಮರೆಯಬೇಡಿ. [ಓಎಚ್⁻] = 0.01 = 10⁻². ಪಿಓಎಚ್ 2. ಪಿಎಚ್ 12. [ಎಚ್⁺] = 10⁻¹².

ಇನ್ನು ಆಮ್ಲದ ಸಾರತೆ ಕೊಟ್ಟಾಗ ಅದು ಪೂರ್ತಿ ಒಡೆಯುವ ಆಮ್ಲವಾ ಅಂತ ನೋಡಿ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪಿಎಚ್ 1, ಎಲ್ಲವೂ ಒಡೆಯುತ್ತದೆ. ಅದೇ 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಒಡೆಯುವುದು ನೂರಕ್ಕೆ ಒಂದು ಚಿಲ್ಲರೆ. ಅದರ ವಿಯೋಜನಾ ಸ್ಥಿರಾಂಕ (ಆಮ್ಲ ಎಷ್ಟರ ಮಟ್ಟಿಗೆ ಒಡೆಯುತ್ತದೆ ಅಂತ ಹೇಳುವ ಅಂಕ) 1.8 × 10⁻⁵. 0.1ರಿಂದ ಗುಣಿಸಿ ವರ್ಗಮೂಲ ತೆಗೆದರೆ [ಎಚ್⁺] = 1.34 × 10⁻³, ಪಿಎಚ್ 2.87. ಬಾಟಲಿಯ ಮೇಲೆ ಬರೆದ ಸಾರತೆ ಬೇರೆ, ಒಳಗಿರುವ ಹೈಡ್ರೋಜನ್ ಅಯಾನಿನ ಸಾರತೆ ಬೇರೆ.

ಸಿಕ್ಕಿಹಾಕಿಕೊಳ್ಳುವ ಕಡೆಗಳು

10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಸೂತ್ರ ಹಾಕಿದರೆ 8. ಆಮ್ಲ ಹಾಕಿದ ನೀರು ಪ್ರತ್ಯಾಮ್ಲ ಆಗುವುದು ಹೇಗೆ? ಆಗುವುದಿಲ್ಲ. ಇಷ್ಟು ತೆಳುವಾದಾಗ ನೀರೇ ಕೊಡುವ ಅಯಾನುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸುಮ್ನೆ 10⁻⁷ ಕೂಡಿದರೂ ಪೂರ್ತಿ ಸರಿಯಲ್ಲ, ಆಮ್ಲ ಬಿದ್ದಾಗ ನೀರು ಒಡೆಯುವುದು ಸ್ವಲ್ಪ ಕಮ್ಮಿಯಾಗುತ್ತದೆ. ವರ್ಗ ಸಮೀಕರಣ ಬಿಡಿಸಿದರೆ [ಎಚ್⁺] = 1.05 × 10⁻⁷, ಪಿಎಚ್ 6.98. ಆಮ್ಲದ ಸಾರತೆ 10⁻⁶ಕ್ಕಿಂತ ಕೆಳಗಿಳಿದರೆ ಈ ಪ್ರಶ್ನೆ ಕೇಳಿಕೊಳ್ಳಿ.

ಎರಡನೆಯದು ಸರಾಸರಿ. ಪಿಎಚ್ 3 ಇರುವ ಹೈಡ್ರೋಕ್ಲೋರಿಕ್ ಆಮ್ಲ ಒಂದು ಲೀಟರ್, ಪಿಎಚ್ 5 ಇರುವುದು ಒಂದು ಲೀಟರ್, ಎರಡನ್ನೂ ಬೆರೆಸಿದರೆ? ನಾಲ್ಕು ಅಂತ ಬರೆಯುವವರು ಬಹಳ. ಪಿಎಚ್‌ಗಳನ್ನು ಕೂಡಿ ಭಾಗಿಸಬಾರದು, ಅಯಾನುಗಳನ್ನು ಕೂಡಬೇಕು. 10⁻³ ಮತ್ತು 10⁻⁵ ಕೂಡಿ ಎರಡರಿಂದ ಭಾಗಿಸಿ: 5.05 × 10⁻⁴. ಪಿಎಚ್ 3.30. ಹುಳಿ ಜಾಸ್ತಿ ಇರುವುದೇ ಗೆಲ್ಲುತ್ತದೆ, ಎರಡನೆಯದು ಬರೀ ನೀರು ಸುರಿದಷ್ಟೇ ಕೆಲಸ ಮಾಡಿತು.

ಮೂರನೆಯದು ಬಿಸಿ. 14 ಅನ್ನೋದು 25 ಡಿಗ್ರಿಯ ಅಂಕ. ನೀರು ಬಿಸಿಯಾದಷ್ಟೂ ಜಾಸ್ತಿ ಒಡೆಯುತ್ತದೆ. 60 ಡಿಗ್ರಿಯಲ್ಲಿ ತಟಸ್ಥ ಪಿಎಚ್ ಸುಮಾರು 6.5, ಕುದಿಯುವ ನೀರಿನಲ್ಲಿ ಸುಮಾರು 6.1. ಹಾಗಂತ ಕುದಿಯುವ ನೀರು ಹುಳಿ ಅಲ್ಲ. ಎರಡೂ ಅಯಾನುಗಳು ಸಮಸಮ ಏರಿರುತ್ತವೆ.

ದಶಮಾಂಶಗಳ ಬಗ್ಗೆಯೂ ಒಂದು ಮಾತು. ಪಿಎಚ್‌ನಲ್ಲಿ ಚುಕ್ಕಿಯ ನಂತರ ಎಷ್ಟು ಅಂಕ ಇದೆಯೋ ಸಾರತೆಯಲ್ಲಿ ಅಷ್ಟೇ ಅರ್ಥಪೂರ್ಣ ಅಂಕ. ಪಿಎಚ್ 5.73 ಇದ್ದರೆ 1.9 × 10⁻⁶ ಅಂತ ಎರಡೇ ಅಂಕ ಬರೆಯುವುದು ಸರಿ. ಮೇಲೆ ನಾನು 1.86 ಬರೆದಿದ್ದು ಟೇಬಲ್‌ನಿಂದ ಬಂದ ಅಂಕ ಕಾಣಲಿ ಅಂತ. ಚುಕ್ಕಿಗೆ ಮುಂಚಿನ 5 ಬರೀ ಹತ್ತರ ಘಾತ ಹೇಳುತ್ತದೆ, ಅದು ನಿಖರತೆಯ ಲೆಕ್ಕಕ್ಕೆ ಬರುವುದಿಲ್ಲ.

ಈಗ ಕೊಪ್ಪರಿಗೆಗೆ ವಾಪಸ್

ಕಬ್ಬಿನ ಹಾಲಿನ ಪಿಎಚ್ 5.2 ಇತ್ತು, ಸುಣ್ಣ ಹಾಕಿದ ಮೇಲೆ 6.2 ಆಯಿತು ಅಂತ ಇಟ್ಟುಕೊಳ್ಳಿ. −5.2 = −6 + 0.8, ಆಂಟಿಲಾಗ್ 6.310. ಮೊದಲು 6.3 × 10⁻⁶, ಆಮೇಲೆ 6.3 × 10⁻⁷. ಹತ್ತರಲ್ಲಿ ಒಂಬತ್ತು ಪಾಲು ಅಯಾನು ಹೋಯಿತು. ಇದರಿಂದ ಏನಾಗುತ್ತದೆ ಅಂದರೆ, ಹುಳಿಯಲ್ಲಿ ಕಾಯಿಸಿದಾಗ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಆ ಒಡೆಯುವ ವೇಗ ಹೈಡ್ರೋಜನ್ ಅಯಾನಿನ ಸಾರತೆಗೆ ತಕ್ಕಂತೆ ಇರುತ್ತದೆ, ಪಿಎಚ್‌ನ ಅಂಕಕ್ಕೆ ತಕ್ಕಂತೆ ಅಲ್ಲ. ಅಯಾನು ಹತ್ತನೇ ಒಂದಾದರೆ ಅದೇ ಬಿಸಿಯಲ್ಲಿ ಒಡೆಯುವ ವೇಗವೂ ಹತ್ತನೇ ಒಂದು. ನಾನು ಆವತ್ತು ಬರೀ ಒಂದು ಅಂಕ ಅಂದುಕೊಂಡಿದ್ದು ಇದನ್ನು.

ಒಂದು ವರ್ಷ ಗಾಣದ ಮೋಟಾರ್ ಸುಟ್ಟು ನಮ್ಮ ಕಬ್ಬು ಕಡಿದ ಮೇಲೆ ನಾಲ್ಕು ದಿನ ಬದುವಿನಲ್ಲೇ ಬಿದ್ದಿತ್ತು. ಕಡಿದ ಕಬ್ಬಿನಲ್ಲಿ ಕಿಣ್ವಗಳು, ಬ್ಯಾಕ್ಟೀರಿಯಾಗಳು ಸಕ್ಕರೆ ಒಡೆಯುತ್ತಲೇ ಇರುತ್ತವೆ, ಹುಳಿಯೂ ಏರುತ್ತದೆ. ಆ ಸಲ ಬೆಲ್ಲ ಅಚ್ಚಿನಲ್ಲಿ ಕಟ್ಟಲೇ ಇಲ್ಲ, ಮುಟ್ಟಿದರೆ ಬೆರಳಿಗೆ ಎಳೆ ಎಳೆಯಾಗಿ ಅಂಟುತ್ತಿತ್ತು. 5.2ರ ಜಾಗದಲ್ಲಿ 4.8 ಆದರೆ ಬರೀ 0.4 ಅಂತ ಕಾಣುತ್ತದೆ. ಆಂಟಿಲಾಗ್ .40 ನೋಡಿ: 2.5. ಹುಳಿಯಿಂದ ಒಡೆಯುವ ವೇಗ ಎರಡೂವರೆ ಪಟ್ಟು. ಹಾಗಂತ ಸುಣ್ಣ ಜಾಸ್ತಿ ಸುರಿಯುವ ಹಾಗೂ ಇಲ್ಲ, ಬೆಲ್ಲ ಕಪ್ಪಾಗುತ್ತದೆ.

ಇಲ್ಲೊಂದು ಅಡ್ಡದಾರಿ ಕೂಡ ಸಿಕ್ಕಿತು ಗಮನಿಸಿ. ಎಷ್ಟು ಪಟ್ಟು ಅಂತ ಮಾತ್ರ ಬೇಕಿದ್ದರೆ ಎರಡೂ ಸಾರತೆ ಬೇರೆಬೇರೆ ಕಂಡುಹಿಡಿಯಬೇಕಿಲ್ಲ. ಪಿಎಚ್‌ಗಳ ವ್ಯತ್ಯಾಸಕ್ಕೆ ಆಂಟಿಲಾಗ್ ತೆಗೆದರೆ ಸಾಕು.

ನೀವೇ ಮಾಡಿ ನೋಡಿ

ಉತ್ತರ ಪಕ್ಕದಲ್ಲೇ ಇದೆ, ಕೈಯಲ್ಲಿ ಮುಚ್ಚಿಕೊಂಡು ಮಾಡಿ. [ಎಚ್⁺] 7.0 × 10⁻⁵ ಇದ್ದರೆ ಪಿಎಚ್ 4.15. ಪಿಎಚ್ 6.85 ಇದ್ದರೆ [ಎಚ್⁺] 1.4 × 10⁻⁷. 0.02 ಮೋಲಾರ್ ಕಾಸ್ಟಿಕ್ ಸೋಡಾಗೆ ಪಿಎಚ್ 12.30. ಪಿಎಚ್ 9.30 ಇದ್ದರೆ [ಓಎಚ್⁻] 2.0 × 10⁻⁵. ಇದಕ್ಕೆ ಮೊದಲು ಪಿಓಎಚ್ 4.70 ಮಾಡಿಕೊಳ್ಳಿ, −4.70 ಅಂದರೆ ಬಾರ್ 5 ಪಾಯಿಂಟ್ 30.

ಕೊನೆಯ ಲೆಕ್ಕ ನಮ್ಮ ಮನೆಯದೇ. ನಾಲೆ ಬಯಲಿನ ಗದ್ದೆಯ ಒಂದು ಮೂಲೆಯಲ್ಲಿ ಬೆಳೆ ಸರಿಯಾಗಿ ಬರುತ್ತಿರಲಿಲ್ಲ, ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಚೌಳು ಕಾಣುತ್ತಿತ್ತು. ಮಣ್ಣು ಪರೀಕ್ಷೆಗೆ ಕೊಟ್ಟೆವು. ಚೀಟಿಯಲ್ಲಿ ರಸಸಾರ 8.5 ಅಂತ ಬಂತು. ರಸಸಾರ ಅಂದರೆ ಪಿಎಚ್‌ಗೆ ಮಣ್ಣಿನವರು ಹೇಳುವ ಹೆಸರು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಅಳೆಯುತ್ತಾರೆ. ಅಪ್ಪ ಚೀಟಿ ನೋಡಿ, "ಏಳು ಇರ್ಬೇಕಾದ್ದು ಎಂಟೂವರೆ ಅದೆ. ಒಂದೂವರೆ ತಾನೇ ಜಾಸ್ತಿ, ಅದೇನ್ ಮಹಾ ಬುಡು ಮಗ" ಅಂದರು.

ನಾನು ಅದೇ ಚೀಟಿಯ ಹಿಂದೆ ಲೆಕ್ಕ ಬರೆದೆ. ವ್ಯತ್ಯಾಸ 1.5. .50ಕ್ಕೆ ಆಂಟಿಲಾಗ್ 3.162, ಮುಂದಿನ ಒಂದಕ್ಕೆ ಹತ್ತು. 31.6. ತಟಸ್ಥ ನೀರಿನಲ್ಲಿ ಇರಬೇಕಾದ್ದಕ್ಕಿಂತ ಮೂವತ್ತೊಂದು ಪಟ್ಟಿಗೂ ಜಾಸ್ತಿ ಹೈಡ್ರಾಕ್ಸೈಡ್ ಅಲ್ಲಿದೆ. ಅಪ್ಪ ಸ್ವಲ್ಪ ಹೊತ್ತು ಆ ಅಂಕವನ್ನೇ ನೋಡಿದರು. "ಅಂಗಾರೆ ಜಿಪ್ಸಂ ಹಾಕ್ಬೇಕು ಕಣಪ್ಪ. ಎಷ್ಟು ಬೇಕಾಯ್ತದೆ?" ಅಂತ ಕೇಳಿದರು. ಅದು ಪಿಎಚ್ ಒಂದರಿಂದ ಸಿಗುವ ಲೆಕ್ಕ ಅಲ್ಲ, ಎಷ್ಟು ಜಿಪ್ಸಂ ಬೇಕು ಅಂತ ತಿಳಿಯಲು ಲ್ಯಾಬಿನಲ್ಲಿ ಬೇರೆಯೇ ಪರೀಕ್ಷೆ ಇದೆ ಅಂತ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಆ ಮೂಲೆಯ ನಾಲ್ಕು ಕಡೆಯಿಂದ ಮತ್ತೆ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಲು ಹರಡಿದೆವು.